ಬೂದಿ ಬೆರೆಸಿದ ಗಾರೆ

ಸೊರಬದ ಶಾಲೆಯ ನೀರಿನ ತೊಟ್ಟಿಗೆ ಬೂದಿ ಬೆರೆಸಿದ ಗಾರೆ ಕೊಟ್ಟವಳು ನಾನು. ನನ್ನ ಅಬ್ಬಾ ಅಲ್ಲ, ಸಿದ್ದಣ್ಣ ಕಾಕಾ ಅಲ್ಲ — ನಾನೇ. ಬೆರೆಸಿದ್ದಕ್ಕೆ ನಾಚಿಕೆಯಿಲ್ಲ, ಆ ತೊಟ್ಟಿಯ ಪಕ್ಕ ಹಾದುಹೋಗುವಾಗ ಇಂದಿಗೂ ನನ್ನ ತಲೆ ತಾನಾಗಿ ಮೇಲೇಳುತ್ತದೆ. ತಪ್ಪು ಬೇರೆ ಇದೆ.

ಎಪ್ಪತ್ತರ ದಶಕ, ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ಅಬ್ಬಾ ಶಿಕಾರಿಪುರದ ಹೆಸರುವಾಸಿ ಮೇಸ್ತ್ರಿ. ನಾನು ಅವರಿಗೆ ಗಾರೆ ಕಲಸಿ ಕೊಡುತ್ತಿದ್ದೆ. ಕುಬಟೂರಿನ ಸಿದ್ದಣ್ಣ ಕಾಕಾ ಅವರ ಜೊತೆಗಾರ. ತೊಟ್ಟಿಯ ಒಳಗಿನ ಗಿಲಾವು ಅರ್ಧವಾಗಿತ್ತು. ಉಳಿದ ಸಿಮೆಂಟು ಸಾಲುವಂತಿರಲಿಲ್ಲ. ಆಗ ಕಾಕಾ ಅಕ್ಕಿ ಗಿರಣಿಯ ಒಲೆಯಿಂದ ಭತ್ತದ ಹೊಟ್ಟಿನ ಬೂದಿ ತಂದರು.

"ಇಮಾಮಣ್ಣ, ಚೆನ್ನಾಗಿ ಬೆಂದ ಬೂದಿ ರೀ. ನುಣ್ಣಗೆ ಅರೆದು ಬೆರೆಸಿದ್ರೆ ಸಿಮೆಂಟಿನ ಜೊತಿಗೇ ಗಟ್ಟಿಯಾಗ್ತತಿ. ನಮ್ಮನಿ ಕಟ್ಟೆಗೆ ಹಾಕಿ ನೋಡೀನಿ."

ಅಬ್ಬಾ ಎಲ್ಲರೆದುರು ಬೂದಿಯ ಬುಟ್ಟಿಯನ್ನು ಒದ್ದರು. "ಮಕ್ಕಳು ಕುಡಿಯೋ ನೀರಿನ ತೊಟ್ಟಿಗೆ ಕಲಬೆರಕೆ ಮಾಡ್ತೀಯಾ? ನೀನು ಮೇಸ್ತ್ರಿ ಅಲ್ಲಲೇ, ಮೋಸಗಾರ!"

ಆ ಮಾತು ಸುತ್ತಲ ಊರುಗಳಲ್ಲೆಲ್ಲ ಹಬ್ಬಿತು. ಕಾಕಾನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕರಣೆ ಬಿಟ್ಟು ಕುಬಟೂರಿನಲ್ಲಿ ಹೊಲದ ಕೂಲಿಗೆ ನಿಂತರು.

ಅಂದು ಚೆಲ್ಲಿದ ಆ ಬೂದಿಯನ್ನು ನಾನು ಬಿಡಲಿಲ್ಲ, ಗುಟ್ಟಾಗಿ ಬಳಿದಿಟ್ಟುಕೊಂಡೆ. ಅರೆದೆ, ಜರಡಿ ಹಿಡಿದೆ. ಅಬ್ಬಾ ತೊಟ್ಟಿಯೊಳಗಿದ್ದಾಗ ಹೊರಗೆ ಕಲಸಿ ಕೊಟ್ಟೆ. ಬಣ್ಣದಲ್ಲಿ ಅವರಿಗೆ ಗೊತ್ತಾಗಲಿಲ್ಲ. ಸಿಮೆಂಟು ಸಾಕಾಯಿತು. ನೀರು ತುಂಬಿಸಿದ ಮೇಲೆ ಗೋಡೆಯ ಹೊರಗೆ ತೇವದ ಒಂದು ಕಲೆಯೂ ಮೂಡಲಿಲ್ಲ.

"ಶುದ್ಧ ಸಿಮೆಂಟು ಅಂದ್ರೆ ಇದು!" — ಸಾಯುವತನಕ ಅಬ್ಬಾ ಹೇಳಿಕೊಂಡರು. ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಒಂದು ಮಾತು ಹೇಳಿದ್ದರೆ ಕಾಕಾನ ಮೇಲಿನ ಕಳಂಕ ಹೋಗುತ್ತಿತ್ತು... ಹೇಳಲಿಲ್ಲ.

ಅಬ್ಬಾ ಹೋದ ಮೇಲೆ ಕುಬಟೂರಿಗೆ ಹೋದೆ. ಮುದುಕರಾಗಿದ್ದ ಕಾಕಾನ ಎದುರು ಕೂತು ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಕಾದೆ.

"ಎಷ್ಟು ಬೆರೆಸಿದ್ದೀ, ಜೈನಾಬಿ?"

"ನಾಕು ಬುಟ್ಟಿ ಸಿಮೆಂಟಿಗೆ ಒಂದು, ಕಾಕಾ."

"ಬೂದಿ ಕರೇದೋ, ಬಿಳೇದೋ?"

"ಬಿಳೇದು. ಅರೆಬೆಂದ ಕರೇದೆಲ್ಲ ತೆಗೆದು ಹಾಕಿದ್ದೆ."

ಅವರ ಮುಖ ಅರಳಿತು. ಒಳಗಿದ್ದ ಮಗಳನ್ನು ಕೂಗಿದರು — "ಕೇಳಿದೇನೇ? ಸೊರಬದ ತೊಟ್ಟಿ ನಿಂತಿರೋದು ನನ್ನ ಬೂದಿ ಮ್ಯಾಲೆ!"

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಅವರು ಕೇಳಲೇ ಇಲ್ಲ. ಕೇಳಿದ್ದರೆ, ಅಬ್ಬಾನ ಹೆದರಿಕೆ ಎನ್ನುತ್ತಿದ್ದೆನೇನೋ. ಅದು ಸುಳ್ಳು. ಆ ತೊಟ್ಟಿಯ ಗುಟ್ಟು ನನ್ನೊಬ್ಬಳದೇ ಆಗಿರುವುದು — ನನಗೆ ಇಷ್ಟವಾಗಿತ್ತು.