ತಳ ಹಿಡಿದ ಹಾಲಿನ ವಾಸನೆ

ನಮ್ಮ ಜೀವಶಾಸ್ತ್ರದ ಸರ್ ಅವರ ಮೂಗು ಉದ್ದ, ನೇರ, ತುದಿಯಲ್ಲಿ ಸ್ವಲ್ಪ ಕೆಂಪು. ಕನ್ನಡಕ ಅದರ ಮೇಲೆ ನಿಲ್ಲದೆ ಅರ್ಧ ದಾರಿಗೆ ಜಾರಿ ಕೂರುತ್ತಿತ್ತು. ಬಾಗಿಲಲ್ಲಿ ಮೊದಲು ಮೂಗು ಬರುತ್ತದೆ, ಆಮೇಲೆ ಸರ್ ಬರುತ್ತಾರೆ ಎಂದು ಸಿಂಧನೂರಿನ ಪಿಯು ಕಾಲೇಜಿನಲ್ಲಿ ನಾವು ಹುಡುಗಿಯರು ನಗುತ್ತಿದ್ದೆವು. ಅಂಥ ಮೂಗಿಗೆ ಹುಟ್ಟಿದಾಗಿನಿಂದ ಯಾವ ವಾಸನೆಯೂ ಗೊತ್ತಿಲ್ಲ ಎಂದು ಅವರೇ ಹೇಳಿದ ದಿನ ಯಾರೂ ನಂಬಲಿಲ್ಲ.

ಅದು ಮೂಗು, ನಾಲಿಗೆಯ ಪಾಠದ ದಿನ. ಸರ್ ಮನೆಯಿಂದ ಹಿಟ್ಟಿನ ಜರಡಿ ಹಿಡಿದುಕೊಂಡು ಬಂದಿದ್ದರು.

"ಮೂಗಿನ ಮ್ಯಾಲೆ, ಮಿದುಳಿನ ಕೆಳಗ, ಇಂಥಾದ್ದೊಂದು ಎಲುಬಿನ ಜರಡಿ ಐತಿ. ವಾಸನಿ ನರದ ಎಳಿ ಈ ತೂತಿನೊಳಗಿಂದ ಮ್ಯಾಲೆ ಹೋಗಿ, ಶೇಂಗಾ ಕಾಳಿನಂಥ ಎರಡು ಗಡ್ಡಿ ಮುಟ್ಟತಾವ. ನಿಮಗೆಲ್ಲಾರಿಗೂ ಆ ಗಡ್ಡಿ ಅದಾವ. ನನಗ ಇಲ್ಲ. ಸ್ಕ್ಯಾನ್ ಮಾಡಿಸಿ ನೋಡೀನಿ, ಅಲ್ಲಿ ಜಾಗಾ ಖಾಲಿ ಐತಿ."

"ಮತ್ತ ಊಟದ ರುಚಿ ಹೆಂಗ್ರಿ ಸರ್?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಉಪ್ಪು, ಹುಳಿ, ಸಿಹಿ, ಕಹಿ ನಾಲಿಗಿ ಹೇಳತೈತಿ. ಉಳಿದದ್ದೆಲ್ಲಾ ಮೂಗಿನ ಕೆಲಸ. ಖಾರ ಅಂತೂ ರುಚೀನೇ ಅಲ್ಲ, ಉರಿ. ಅದಕ್ಕ ಬ್ಯಾರೆ ನರ ಐತಿ. ಆ ನರ ಮಾತ್ರ ನನಗ ಭೇಷ್ ಐತಿ!"

ಬಸ್ ನಿಲ್ದಾಣದ ಅಂಗಡಿಯಲ್ಲಿ ಅವರು ಮಂಡಕ್ಕಿಯ ಜೊತೆ ಬಿಸಿ ಮಿರ್ಚಿಯನ್ನು ಕಣ್ಣಲ್ಲಿ ನೀರು ಸುರಿಸುತ್ತ ಅಷ್ಟು ಸುಖವಾಗಿ ತಿನ್ನುವುದೇಕೆಂದು ನಮಗೆ ಆವತ್ತು ತಿಳಿಯಿತು.

ಆಮೇಲೆ ಅಜವಾನದ, ಅಂದರೆ ಓಮದ ಕಾಳಿನ, ಒಂದು ಪೊಟ್ಟಣ ಬೆಂಚಿನಿಂದ ಬೆಂಚಿಗೆ ಹೋಯಿತು. ವಾಸನೆ ಹೇಗಿದೆ ಎಂದು ಕೇಳಿದರು. ನಾನು ಎದ್ದು ನಿಂತು, "ಚಲೋ ಐತ್ರಿ ಸರ್" ಎಂದೆ.

"ಚಲೋ ಅನ್ನೋದು ವಾಸನಿ ಅಲ್ಲವ್ವಾ, ನಿನ್ನ ಅಭಿಪ್ರಾಯ. ನನಗ ಗೊತ್ತಿಲ್ಲ ಅಂತ ತಿಳಕೊಂಡು ಹೇಳು."

ಪೊಟ್ಟಣವನ್ನು ಮತ್ತೊಮ್ಮೆ ಮೂಸಿದೆ. ಹದಿನಾರು ವರ್ಷ ಒಳ್ಳೆಯ ಮೂಗು ಹೊತ್ತು ತಿರುಗಿದವಳಿಗೆ ಒಂದು ವಾಸನೆಯನ್ನು ಇನ್ನೊಬ್ಬರಿಗೆ ಹೇಳಲು ಬರುತ್ತಿರಲಿಲ್ಲ. ಈ ಮನುಷ್ಯನಿಗೆ ಒಂದಾದರೂ ಸರಿಯಾಗಿ ಹೇಳಿಯೇ ತೀರಬೇಕು ಎಂಬ ಹಟ ಆವತ್ತೇ ಹುಟ್ಟಿತು.

ನಮ್ಮ ಊರು ಮಸ್ಕಿ, ಅವರದೂ ಅದೇ. ಎರಡು ಮನೆಗಳ ನಡುವೆ ಒಂದೇ ಗೋಡೆ. ಸಂಜೆಯ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ತಿರುಗಿ, "ಈಗ ಏನು ವಾಸನಿ ಬರಾಕತ್ತೈತಿ?" ಎಂದು ಕೇಳುತ್ತಿದ್ದರು. ನೀರು ನಿಂತ ಭತ್ತದ ಗದ್ದೆ ಮುಗಿದು ಒಣ ಜೋಳದ ಹೊಲ ಶುರುವಾಗುವ ಜಾಗವನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿ ಹೇಳಬಲ್ಲೆ. ಆ ಬಸ್ಸಿನಲ್ಲೇ ಅವರು ನನಗೆ ಮಿದುಳಿನ ಇನ್ನೊಂದು ಗುಟ್ಟು ಹೇಳಿದ್ದು: "ಕಂಡದ್ದು, ಕೇಳಿದ್ದು ಎಲ್ಲಾ ಮಿದುಳಿನ ಒಂದು ನಿಲ್ದಾಣದಾಗ ಇಳಿದು ಬಸ್ ಬದಲಿ ಮಾಡತಾವ. ವಾಸನಿ ಒಂದೇ ನೋಡು, ಡೈರೆಕ್ಟ್ ಬಸ್ ಹಿಡಿದು ನೆನಪು ಇರೋ ಊರಿಗೆ ಹೋಗಿ ಇಳೀತೈತಿ."

ಒಂದು ಸಂಜೆ ತಳ ಹಿಡಿದ ಹಾಲಿನ ವಾಸನೆ ಹೇಗಿರುತ್ತದೆ ಎಂದು ಕೇಳಿದರು. ಬಹಳ ಯೋಚಿಸಿ, "ಇಸ್ತ್ರಿ ಮಾಡೋವಾಗ ಸುಟ್ಟ ಅಂಗಿ ಮ್ಯಾಲೆ ಬೆಲ್ಲ ಉದುರಿಸಿದಂಗ್ರಿ ಸರ್" ಎಂದೆ. ಕಂಡಕ್ಟರ್ ತಿರುಗಿ ನೋಡುವ ಹಾಗೆ ಚಪ್ಪಾಳೆ ತಟ್ಟಿದರು. ನನಗೆ ಪರೀಕ್ಷೆಯಲ್ಲಿ ಬಂದ ಯಾವ ಅಂಕವೂ ಅಷ್ಟು ಖುಷಿ ಕೊಟ್ಟಿಲ್ಲ.

ಅವರ ಮಡದಿಯನ್ನು ನಾವು ಅಕ್ಕ ಎನ್ನುತ್ತೇವೆ. ಹೆಣ್ಣು ನೋಡಲು ಹೋದಾಗ ಅಕ್ಕ ಗಾಬರಿಯಲ್ಲಿ ಸೀಯಿಸಿದ ಉಪ್ಪಿಟ್ಟನ್ನು ಇವರು ಒಂದಗುಳೂ ಬಿಡದೆ ತಿಂದರಂತೆ. ಎಂಥ ದೊಡ್ಡ ಗುಣದ ಹುಡುಗ ಎಂದು ಅಕ್ಕನ ಅಪ್ಪ ಅಲ್ಲೇ ಒಪ್ಪಿಬಿಟ್ಟರಂತೆ. ನಿಜ ಗೊತ್ತಾದ ಮೇಲೆ ಅಕ್ಕ ಸಿಟ್ಟಾಗಲಿಲ್ಲ, ಒಂದು ರೂಢಿ ಮಾಡಿಕೊಂಡರು. ಬಡಿಸುವಾಗಲೇ ಅಡುಗೆಯ ವಾಸನೆ ಹೇಳುವುದು. "ಇವತ್ತ ಪುಂಡಿಪಲ್ಯದಾಗ ಬಳ್ಳೊಳ್ಳಿ ಮುಂದ ಐತ್ರಿ, ಎಣ್ಣಿ ಹಿಂದ ಐತಿ" ಎಂಬ ಮಾತು ಗೋಡೆಯಾಚೆಯಿಂದ ನಮಗೂ ಕೇಳುತ್ತಿತ್ತು. ಸರ್ ಅದನ್ನು ಕೇಳುತ್ತ ಊಟ ಮಾಡುತ್ತಿದ್ದರು.

ನನ್ನ ಕಾಲೇಜು ಮುಗಿದು ವರ್ಷಗಳಾದ ಮೇಲೆ ಅಕ್ಕನಿಗೆ ಕೊರೊನಾ ಬಂದು ಆ ಮಾತು ನಿಂತಿತು. ಜ್ವರ ಇಳಿಯಿತು, ಅಕ್ಕನ ಮೂಗು ಮಾತ್ರ ತೆರೆಯಲಿಲ್ಲ. "ರಟ್ಟು ತಿಂದಂಗ ಆಗತೈತಿ" ಎಂದು ಒಂದು ರೊಟ್ಟಿಗೇ ಕೈ ತೊಳೆಯುತ್ತಿದ್ದರು. ಪುಂಡಿಪಲ್ಯ ಬರೀ ಹುಳಿಯಾಗಿ ಉಳಿಯಿತು ಎಂದು ನನ್ನ ಮುಂದೆ ಅತ್ತರು. ಆ ಮನೆಯಲ್ಲಿ ಈಗ ವಾಸನೆ ತಿಳಿಯುವವರು ಯಾರೂ ಇರಲಿಲ್ಲ. ನಾನು ಲಿಂಗಸುಗೂರಿನ ಬ್ಯಾಂಕಿನಲ್ಲಿ ಕೆಲಸ ಹಿಡಿದು, ದಿನಾ ಹೋಗಿ ಬರುತ್ತ, ಗೋಡೆಯ ಈಚೆ ನಮ್ಮ ಮನೆಯಲ್ಲೇ ಇದ್ದೆ. ಏನಾದರೂ ಹೊತ್ತಿದ ವಾಸನೆ ಬಂದರೆ "ಸರ್, ಒಲಿ ನೋಡ್ರಿ!" ಎಂದು ಗೋಡೆಯಾಚೆಗೆ ಕೂಗುವುದು ನನ್ನ ಪಾಲಿಗೆ ಬಂತು.

ದಿನಾ ಬೇರೆ ಬೇರೆ ವಾಸನೆ ಮೂಸಿ ಅಭ್ಯಾಸ ಮಾಡಿ, ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಸರ್ ಅಷ್ಟಕ್ಕೇ ಟೊಂಕ ಕಟ್ಟಿ ನಿಂತರು. ಬೆಳಿಗ್ಗೆ ಸಂಜೆ ಕಟ್ಟೆಯ ಮೇಲೆ ಲವಂಗ, ನಿಂಬೆ ಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ ಇಟ್ಟುಕೊಂಡು ಕೂರುತ್ತಿದ್ದರು. ಅಕ್ಕ ಮೂಸಬೇಕು, ಸರ್ ಆ ವಾಸನೆಯನ್ನು ಹೇಳಬೇಕು.

"ಲವಂಗ. ನೆನಸಿಕೋ. ಹಲ್ಲಿನ ಡಾಕ್ಟರ ಕೋಣಿಯೊಳಗ ಅಜ್ಜಿ ಸಂದೂಕ ತೆರೆದಂಗ. ಮುಕ್ಕುಂದ ಊರಿನ ಹುಡುಗ ಒಬ್ಬಾಂವ ಕ್ಲಾಸಿನಾಗ ಹೇಳಿದ್ದ."

ಎಲ್ಲಾ ನಮ್ಮ ಮಾತುಗಳೇ. ಅಷ್ಟು ವರ್ಷ ಬೆಂಚುಗಳ ನಡುವೆ ತಿರುಗಿ ಕೇಳಿದ್ದನ್ನು ಒಂದೂ ಮರೆತಿರಲಿಲ್ಲ. ತಿಂಗಳುಗಳಾದವು, ಏನೂ ಬರಲಿಲ್ಲ. ಒಂದು ಸಂಜೆ ಅಕ್ಕ ಲವಂಗದ ಡಬ್ಬಿಯನ್ನು ದೂರ ತಳ್ಳಿದರು.

"ಒಂದಿನಾನೂ ಮೂಸಿ ನೋಡಿಲ್ಲ ನೀವು. ನನಗ ಕಲಿಸಾಕ ಬಂದೀರಿ!"

ಸರ್ ಉರುಳಿದ ಲವಂಗ ಆರಿಸುತ್ತ ಹೇಳಿದರು: "ಹೌದು, ನನ್ನ ಕಡೆ ಮಾತಷ್ಟ ಐತಿ. ಆದರ ನಿನ್ನ ನರದ ಕಣ ಸತ್ತರೂ ಮತ್ತ ಹುಟ್ಟತಾವ. ಹೊಸಾವಕ್ಕ ದಾರಿ ಗೊತ್ತಿರಂಗಿಲ್ಲ, ಹೇಳಿಕೊಡಬೇಕು." ಆರಿಸಿದ್ದನ್ನು ಡಬ್ಬಿಗೆ ಹಾಕಿ, "ನೀ ಹೇಳೋದು ಬಿಟ್ಟ ಮ್ಯಾಲೆ ನನ್ನ ಊಟಾನೂ ಸಪ್ಪಗ ಆಗೈತಿ" ಎಂದರು. ಅಕ್ಕ ಡಬ್ಬಿಗೆ ಕೈ ಚಾಚಿದರು. ಗೋಡೆಯ ಈಚೆ ಬಟ್ಟೆ ಒಣಗಿಸುತ್ತಿದ್ದ ನಾನು ಹಿಂಡಿದ ಸೀರೆಯನ್ನೇ ಮತ್ತೊಮ್ಮೆ ಹಿಂಡಿದೆ.

ಮಳೆಗಾಲ ಮುಗಿದ ಒಂದು ಭಾನುವಾರ ಬೆಳಿಗ್ಗೆ ಅವರ ಮನೆಯ ಹಾಲು ಹೊತ್ತಿದ ವಾಸನೆ ಬಂತು. ಕೂಗಲು ಬಾಯಿ ತೆರೆದೆ. ನನಗಿಂತ ಮೊದಲು ಅಕ್ಕನ ದನಿ ಕೇಳಿತು.

"ಏನ್ರೀ! ಅಂಗಿ ಸುಟ್ಟೈತಿ! ಬೆಲ್ಲ, ಬೆಲ್ಲ!"

ಓಡಿ ಹೋದೆ. ಅಕ್ಕ ಕರಿ ಹಿಡಿದ ಪಾತ್ರೆಗೆ ಮುಖ ಇಟ್ಟು ನಗುತ್ತಿದ್ದರು, ಅಳುತ್ತಲೂ ಇದ್ದರು. ಸರ್ ಕನ್ನಡಕ ಮೇಲೇರಿಸಿ ನನ್ನ ಕಡೆ ತಿರುಗಿ, "ಖರೇ ಏನವಾ? ನೀ ಹೇಳು" ಎಂದರು. ಖರೇ ಎಂದೆ. ನಾನು ಬಸ್ಸಿನಲ್ಲಿ ಹೇಳಿದ ಒಂದು ಮಾತು ಅಷ್ಟು ವರ್ಷ ಅವರ ಹತ್ತಿರ ಜೋಪಾನವಾಗಿದ್ದು ಅಕ್ಕನ ಬಾಯಲ್ಲಿ ಬಂದಿತ್ತು.

ಆ ಹಾಲನ್ನು ಚೆಲ್ಲಲು ಸರ್ ಬಿಡಲಿಲ್ಲ. ಸಕ್ಕರೆ ಹಾಕಿ ಮೂರು ಲೋಟಕ್ಕೆ ಹಂಚಿದರು. ಮೂಗಿದ್ದ ನಮಗಿಬ್ಬರಿಗೆ ಒಂದು ಗುಟುಕಿಗಿಂತ ಹೆಚ್ಚು ಕುಡಿಯಲಾಗಲಿಲ್ಲ. ಮೂರೂ ಲೋಟ ಅವರೇ ಖಾಲಿ ಮಾಡಿ, ಮೀಸೆ ಒರೆಸಿಕೊಂಡು, "ಈಗ ಹೇಳ್ರಿ, ಹೆಂಗಿತ್ತು?" ಎಂದರು.