ಮಾದಲಿ ತಿಂದ ಮದುವೆ ಕುದುರೆ

ಹೋದ ವಾರ ಶಹಾಬಾದಿನಲ್ಲಿ ಸಾಯಬಣ್ಣ ಕಾಕಾನ ಅಂಗಳಕ್ಕೆ ಕಾಲಿಟ್ಟ ಕೂಡಲೇ ಆ ವಾಸನೆ ಬಂತು. ನೆನೆಹಾಕಿದ ಕಡಲೆ, ಒಣ ಹುಲ್ಲು, ಬೆವರಿದ ಕುದುರೆ, ಮೂರೂ ಬೆರೆತ ವಾಸನೆ. ಎಲ್ಲರಿಗೂ ಹಿಡಿಸುವಂಥದ್ದಲ್ಲ, ಒಪ್ಪಿಕೊಳ್ಳುತ್ತೇನೆ. ನನಗೆ ಮಾತ್ರ ನಗುವೂ ಬಂತು, ಹಳೆಯ ತಪ್ಪೊಂದು ನೆನಪೂ ಆಯಿತು. ಮಗಳ ಮದುವೆಗೆ ಕುದುರೆ ಗೊತ್ತು ಮಾಡಲು ಹೋಗಿದ್ದೆ. ಮದುಮಗ ಬೇಕಾದರೆ ಕಾರಿನಲ್ಲಿ ಬರಲಿ, ಕುದುರೆ ಮೇಲೆ ಕೂಡುವವಳು ನಾನೇ ಎಂದು ಅವಳು ಹಟ ಹಿಡಿದಿದ್ದಾಳೆ. ನನ್ನ ಮದುವೆಯ ಕಥೆಯನ್ನು ಅವಳಿಗೆ ಅಷ್ಟು ಸಲ ಹೇಳಿದ್ದು ನನ್ನದೇ ತಪ್ಪು.

ಆ ಕಥೆ ನಿಮಗೂ ಹೇಳಿಬಿಡುತ್ತೇನೆ. ಆದರೆ ಮೊದಲು ಕಾಕಾನ ವಿಷಯ. ಅವರು ಶಹಾಬಾದ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದರು. ಆಟೋಗಳು ಬಂದ ಮೇಲೆ ಟಾಂಗಾ ಮಾರಿದರು, ಕುದುರೆ ಮಾರಲಿಲ್ಲ. ಅದು ಬಿಳಿ ಹೆಣ್ಣುಕುದುರೆ, ಹೆಸರು ಮಲಾಯಿ. ಅದನ್ನೇ ಮದುವೆ ಮೆರವಣಿಗೆಗೆ ಪಳಗಿಸಿದರು. ಊರಿಗೆ ಊರೇ ನೆಲಕ್ಕೆ ನುಣುಪಾದ ಫರಸಿ ಕಲ್ಲು ಹಾಸಿಕೊಂಡಿರುವಾಗ ಕಾಕಾ ಮಾತ್ರ ಕುದುರೆ ನಿಲ್ಲುವ ಜಾಗದ ಫರಸಿ ಕಿತ್ತು ಮಣ್ಣು ಹಾಕಿಸಿದ್ದರು. "ಫರಸಿ ಮ್ಯಾಲ ನಾವು ಜಾರಿದ್ರ ಮಂದಿ ನಗ್ತಾರ. ಕುದ್ರಿ ಜಾರಿದ್ರ ನಾ ಅಳಬೇಕಾಗ್ತದ" ಎನ್ನುತ್ತಿದ್ದರು. ಬ್ಯಾಂಡಿನ ಸದ್ದಿಗೆ ಮಲಾಯಿ ಬೆದರಬಾರದೆಂದು, ಅದು ಮೇಯುವ ಹೊತ್ತಿಗೆ ಅವರ ಸಣ್ಣ ಮಗಳು ರೇಣುಕಾ ದೂರದಲ್ಲಿ ನಿಂತು ಊಟದ ಗಂಗಾಳ ಬಡಿಯಬೇಕಿತ್ತು. ದಿನಕ್ಕೆ ಒಂದೇ ಹೆಜ್ಜೆ ಹತ್ತಿರ. ತಿಂಗಳು ಕಳೆಯುವಷ್ಟರಲ್ಲಿ ಗಂಗಾಳದ ಸದ್ದು ಕೇಳಿದರೆ ಮಲಾಯಿಗೆ ಹಸಿವಾಗುತ್ತಿತ್ತು.

ನನ್ನ ಮದುವೆ ಕುರಕುಂಟಾದಲ್ಲಿ. ನಾನಾಗ ಚಿತ್ತಾಪುರದ ಕಡೆ ಹಳ್ಳಿಯ ಶಾಲೆಯೊಂದರಲ್ಲಿ ಹೊಸ ಮಾಸ್ತರ. ಎಮ್ಮೆಯ ಮೇಲೂ ಕೂತು ಗೊತ್ತಿಲ್ಲದ ಆಸಾಮಿ. ಕಾಕಾನ ಷರತ್ತೊಂದಿತ್ತು: ಮದುಮಗ ಎರಡು ದಿನ ಮೊದಲು ಬಂದು ಕುದುರೆಯ ಪರಿಚಯ ಮಾಡಿಕೊಳ್ಳಬೇಕು. ಹಿಂದಿನಿಂದ ಹೋಗಬಾರದು, ಎಡಗಡೆ ಭುಜದ ಹತ್ತಿರ ಮಾತಾಡುತ್ತಾ ಹೋಗಬೇಕು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.

"ಏನ್ ಮಾತಾಡ್ಲಿ ಕಾಕಾ ಕುದ್ರಿ ಜೋಡಿ?"

"ಏನರ ಮಾತಾಡ್ರಿ. ಮಾಸ್ತರ್ ಇದ್ದೀರಿ, ಮಗ್ಗಿ ಹೇಳ್ರಿ."

ಹದಿಮೂರರ ಮಗ್ಗಿ ಹೇಳುತ್ತಾ ಹೋದೆ. ನಡುವೆ ಎಲ್ಲೋ ತಪ್ಪಿದೆ. ಮಲಾಯಿ ಕಿವಿ ಹಿಂದಕ್ಕೆ ಮಾಡಿತು. ತಪ್ಪು ಹಿಡಿಯಿತು ಎಂದೇ ನಾನು ನಂಬಿದೆ. ಕೊನೆಗೆ ಕಾಕಾ ಒಂದು ಮಾತು ಹೇಳಿದ್ದರು. ಆಗ ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ. "ಮದ್ವಿ ಮನಿ ಅಂತ ಕಂಡಿದ್ದೆಲ್ಲಾ ತಿನ್ನಸಬ್ಯಾಡ್ರಿ. ಕುದ್ರಿಗಿ ಒಮ್ಮಿ ನುಂಗಿದ್ದು ಹೊರಗ ಕಾರಾಕ ಬರಂಗಿಲ್ಲ."

ಮದುವೆಯ ದಿನ ಬೀಗರು ನಮ್ಮನ್ನು ಇಳಿಸಿದ್ದು ಊರಿನ ಶಾಲೆಯಲ್ಲಿ. ಮಲಾಯಿಯನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಬೆಳಗಿನ ನಾಷ್ಟಾಕ್ಕೆ ಬೀಗರ ಮನೆಯಿಂದ ಮಾದಲಿ ಬಂತು, ಗೋಧಿ ರೊಟ್ಟಿ ಕುಟ್ಟಿ ಬೆಲ್ಲ ತುಪ್ಪ ಕಲಸಿದ್ದು. ಕಾಕಾ ಸ್ನಾನಕ್ಕೆ ಹೋಗಿದ್ದರು. ನನಗೆ ಒಂದೇ ಚಿಂತೆ, ಅಷ್ಟು ಮಂದಿಯ ಮುಂದೆ ಇದು ನನ್ನನ್ನು ಕೆಡವಿಬಿಟ್ಟರೆ? ತರಗತಿಯಲ್ಲಿ ತಂಟೆಕೋರರನ್ನು ಪೆಪ್ಪರಮಿಂಟು ಕೊಟ್ಟು ಒಲಿಸಿಕೊಂಡ ಅನುಭವ ನನ್ನದು. ಅದೇ ಬುದ್ಧಿ ಓಡಿಸಿದೆ. ಒಂದು ಬುಟ್ಟಿ ಮಾದಲಿ ಒಯ್ದು ಮುಂದಿಟ್ಟೆ. ಮಲಾಯಿ ಬುಟ್ಟಿಯ ತಳ ನೆಕ್ಕಿ ನನ್ನ ಭುಜಕ್ಕೆ ಮೂತಿ ಒರೆಸಿತು. ಗೆದ್ದೆ ಅಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಅದು ನೆಲ ಕೆರೆಯತೊಡಗಿತು. ಮತ್ತೆ ಮತ್ತೆ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಮಲಗಿ ಹೊರಳಲು ಹೋಯಿತು. ಕಾಕಾನ ಮುಖ ಬಿಳಿಚಿಕೊಂಡಿತು. ಸೇಡಂನಿಂದ ದನದ ಡಾಕ್ಟರು ಮೋಟರ್‌ಸೈಕಲ್ ಮೇಲೆ ಬಂದರು, ಹೊಟ್ಟೆಗೆ ಕಿವಿ ಹಚ್ಚಿ ಕೇಳಿ, "ಏನು ತಿಂದದ?" ಎಂದು ಕೇಳಿದರು.

ಕಾಕಾ ಮಲಾಯಿಯ ಕೊರಳು ಸವರುತ್ತಾ ಮುಖ ಆ ಕಡೆ ತಿರುಗಿಸಿದರು. ಬಾಸಿಂಗ ಕಟ್ಟಿಕೊಂಡು, ಜರಿಯಂಚಿನ ಧೋತರ ಉಟ್ಟು, ನಾನು ಕಳ್ಳನಂತೆ ನಿಂತಿದ್ದೆ. ಆ ಮನುಷ್ಯನಿಗೆ ಹೊಲವಿಲ್ಲ, ಬೇರೆ ದುಡಿಮೆಯಿಲ್ಲ, ಇರುವುದು ಈ ಒಂದು ಜೀವ. ಅದು ಸತ್ತರೆ ಕೊಂದವನು ನಾನು. ಮಲಾಯಿ ಇನ್ನೊಮ್ಮೆ ನರಳಿದಾಗ ನನ್ನ ಬಾಯಿ ತಾನಾಗಿ ತೆರೆಯಿತು. "ನಾ ಮಾದಲಿ ತಿನ್ನಿಸೀನ್ರಿ. ಒಂದು ಬುಟ್ಟಿ."

ಕಾಕಾ ಬೈಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ಅವರು ಬೈಯಲಿಲ್ಲ. ಡಾಕ್ಟರು ಸೂಜಿ ಚುಚ್ಚಿ, ಏನೂ ತಿನ್ನಿಸಬೇಡಿ, ಹೊರಳಲು ಬಿಡಬೇಡಿ, ಮೆಲ್ಲಗೆ ನಡೆಸಿ, ಲದ್ದಿ ಹಾಕಿದರೆ ಬದುಕಿತು ಎಂದರು. ಕಾಕಾ ಹಗ್ಗ ತಂದು ನನ್ನ ಕೈಗಿಟ್ಟರು. "ನನ್ನ ಕೈ ನಡಗಾಕತ್ತಾವ ಮಾಸ್ತರ್ರ. ನೀವೇ ಹಿಡೀರಿ."

ಹಿಡಿದೆ. ಮದುಮಗ ನಾನು ಕುದುರೆಯನ್ನು ಹಿಡಿದುಕೊಂಡು ಕುರಕುಂಟಾದ ಓಣಿಯಲ್ಲಿ ನಡೆದುಕೊಂಡು ಹೊರಟೆ, ಬಾಯಲ್ಲಿ ಹದಿಮೂರರ ಮಗ್ಗಿ. ಬ್ಯಾಂಡಿನವರಿಗೆ ಯಾರೂ ಏನೂ ಹೇಳಿರಲಿಲ್ಲ. ಮೆರವಣಿಗೆ ಹೊರಟಿತೆಂದು ಅವರೂ ಊದುತ್ತಾ ಬೆನ್ನು ಹತ್ತಿದರು. ಅವರ ಹಿಂದೆ ಬೀಗರು, ಬೀಗರ ಹಿಂದೆ ಊರು. ಒಂದು ಸುತ್ತು ಮುಗಿಯಿತು, ಎರಡು ಮುಗಿಯಿತು. ನಮ್ಮಪ್ಪ ಬಂದು ಕಿವಿಯಲ್ಲಿ ಗದರಿದರು, "ಅಕ್ಕಿಕಾಳಿನ ಮುಹೂರ್ತ ಮೀರಾಕತ್ತದ. ನೀ ಮದಿಮಗನೋ, ಕುದ್ರಿ ಡಾಕ್ಟರೋ?" ಲದ್ದಿ ಹಾಕುವ ತನಕ ಮದುವೆ ಇಲ್ಲ ಎಂದೆ. ಅಪ್ಪನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

ಮೂರನೆಯ ಸುತ್ತಿನಲ್ಲಿ, ಸರಿಯಾಗಿ ಬೀಗರ ಮನೆಯ ಬಾಗಿಲಲ್ಲಿ ಹಾಕಿದ್ದ ರಂಗೋಲಿಯ ಮೇಲೆ, ಮಲಾಯಿ ಬಾಲ ಎತ್ತಿತು. "ಹಾಕ್ತು! ಲದ್ದಿ ಹಾಕ್ತು!" ಎಂದು ಕಾಕಾ ಕೂಗಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟರು. ಬ್ಯಾಂಡಿನವರು ಇನ್ನೂ ಜೋರಾಗಿ ಊದಿದರು. ಬಾಗಿಲಲ್ಲಿ ನಿಂತಿದ್ದ ಮದುಮಗಳು ಮಹಾನಂದಾ ತಲೆ ತಗ್ಗಿಸಬೇಕು ಎಂಬುದನ್ನು ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗುವನ್ನು ನಾನು ಮೊದಲು ಕೇಳಿದ್ದು ಆಗ. ಅಕ್ಕಿಕಾಳು ತಡವಾಗಿ ಬಿದ್ದವು, ಯಾರಿಗೂ ಬೇಜಾರಾಗಲಿಲ್ಲ.

ಮಲಾಯಿ ಆಮೇಲೆ ಎಷ್ಟೋ ಮದುವೆ ಮಾಡಿಸಿತು. ಈಗ ಅಂಗಳದಲ್ಲಿರುವುದು ಅದರ ಮಗಳು. ವ್ಯವಹಾರವೆಲ್ಲ ರೇಣುಕಾಳದು, ಕಾಕಾ ಕಟ್ಟೆಯ ಮೇಲೆ ಕೂತಿರುತ್ತಾರೆ. ಮಗಳ ಮದುವೆಯ ದಿನ ಬರೆಸಿ, ಚಹಾ ಕುಡಿಯುತ್ತಾ, ಇಪ್ಪತ್ತೈದು ವರ್ಷದಿಂದ ಕೇಳದೇ ಇದ್ದದ್ದನ್ನು ಕೇಳಿದೆ. "ಕಾಕಾ, ಅವತ್ತು ನನಗ ಯಾಕ ಬೈಲಿಲ್ಲ?"

ಅವರು ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡರು.

"ಹ್ಯಾಂಗ ಬೈಲಿ ಮಾಸ್ತರ್ರ? ಸ್ನಾನಕ್ಕ ಹೋಗೋಕಿಂತ ಮೊದಲೇ ನಾನೂ ಒಂದು ಬುಟ್ಟಿ ಮಾದಲಿ ತಿನ್ನಿಸಿದ್ದೆ. ಬೀಗರು ಭಾಳ ಒತ್ತಾಯ ಮಾಡಿದ್ರು, ಮಲಾಯಿ ಮಾರಿ ನೋಡ್ದೆ, ಮನಸ್ಸು ತಡೀಲಿಲ್ಲ. ಎಲ್ಲಾರಿಗೂ ಬ್ಯಾಡ ಅಂತ ಹೇಳಾಂವ ನಾನು. ನಾನೇ ತಿನ್ನಿಸೀನಿ ಅಂತ ಹೇಳಿದ್ರ ಮುಂದ ಮದ್ವಿಗಿ ಯಾರು ಕರೀತಿದ್ರು? ನೀವು ಒಪ್ಕೊಂಡ್ರಿ, ನಾ ಬಾಯಿ ಮುಚ್ಕೊಂಡೆ. ಅದಕ್ಕೇ ಕೈ ನಡಗಾಕತ್ತಿದ್ವು."

ನನಗೆ ಒಂದು ಕ್ಷಣ ಸಿಟ್ಟೇ ಬಂತು, ಸುಳ್ಳು ಯಾಕೆ ಹೇಳಲಿ. ಅರ್ಧವೇ ನನ್ನದಾದ ಪಾಪವನ್ನು ಇಷ್ಟು ವರ್ಷ ಪೂರ್ತಿ ನಾನೊಬ್ಬನೇ ಹೊತ್ತಿದ್ದೆ. ಅವರ ಮುಖ ನೋಡಿದೆ. ನಾನು ನನ್ನ ಪಾಲನ್ನು ಮದುವೆ ಮದುವೆಯಲ್ಲೂ ಕಥೆ ಮಾಡಿ ಹೇಳಿ, ಜನರನ್ನು ನಗಿಸಿ, ಎಂದೋ ಹಗುರ ಮಾಡಿಕೊಂಡಿದ್ದೆ. ಈ ಮುದುಕ ತನ್ನ ಪಾಲನ್ನು ಯಾರಿಗೂ ಹೇಳದೆ ಹೊತ್ತು ಕೂತಿದ್ದರು. ನನ್ನದಕ್ಕಿಂತ ಅದೇ ಭಾರ. ಅವರ ಕೈ ಹಿಡಿದುಕೊಂಡೆ. ಆಮೇಲೆ ಇಬ್ಬರಿಗೂ ಒಟ್ಟಿಗೆ ನಗು ಬಂತು, ಬಸಿಯ ಚಹಾ ಚೆಲ್ಲುವಷ್ಟು.

ರೇಣುಕಾ ಕುದುರೆಯ ಮೈ ತಿಕ್ಕುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದಳು. ಅವಳಿಗೆ ಎಲ್ಲ ಕೇಳಿಸಿತ್ತು.

"ಮದ್ವಿ ದಿನ ನೀವಿಬ್ರೂ ನನ್ನ ಕುದ್ರಿ ಹತ್ತರ ಬರಬ್ಯಾಡ್ರಿ" ಎಂದಳು.