ಸೀಸದ ಹಾಳೆಯ ಇಸವಿ

ಇಂಗ್ಲೆಂಡಿನ ಹಳ್ಳಿಗಳ ಚರ್ಚುಗಳ ಕಟ್ಟಡ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕೆಂದು ನಿವೃತ್ತನಾದ ವಾರವೇ ಜರ್ಮನಿಯ ಬಾನ್‌ ನಗರದ ನಮ್ಮ ಮನೆಯಲ್ಲಿ ಕುಳಿತೆ. ಆರು ವರ್ಷಗಳ ಬಳಿಕ ಹಸ್ತಪ್ರತಿ ಪ್ರಕಾಶಕರ ಕೈಸೇರಿತು. ಕಳೆದ ತಿಂಗಳು ಅಲ್ಲಿನ ಸಂಪಾದಕರು ಫೋನ್ ಮಾಡಿದರು.

“ಸರ್, ಒಂದೇ ರಿಕ್ವೆಸ್ಟು. ಪ್ರತಿ ಫೋಟೋ ಕೆಳಗೆ ಚರ್ಚು ಕಟ್ಟಿದ ಇಸವಿ ಒಂದು ಹಾಕಿಬಿಡೋಣ. ನಮ್ಮ ಮಾಲೆಯ ಎಲ್ಲ ಪುಸ್ತಕದಲ್ಲೂ ಹಾಗೇ ಇದೆ.”

“ಯಾವ ಗೋಡೆಯ ಇಸವಿ ಹಾಕಲಿ?”

“ಗೋಡೇದಲ್ಲ ಸರ್, ಚರ್ಚಿಂದು!”

ಚರ್ಚಿಗೆ ಒಂದೇ ಇಸವಿ ಇರುವುದಿಲ್ಲ ಎಂಬುದೇ ನನ್ನ ಪುಸ್ತಕದ ವಾದ. ಬಲಿಪೀಠದ ಭಾಗವನ್ನು ಒಂದು ತಲೆಮಾರು ಕಟ್ಟುತ್ತದೆ. ಜನ ಹೆಚ್ಚಿದಾಗ ಇನ್ನೊಂದು ತಲೆಮಾರು ಗೋಡೆ ಒಡೆದು, ಕಮಾನು ನಿಲ್ಲಿಸಿ, ಪಕ್ಕಕ್ಕೆ ಇನ್ನೊಂದು ಅಂಕಣ ಸೇರಿಸುತ್ತದೆ. ಗೋಪುರ ಮುಗಿಯುವ ಹೊತ್ತಿಗೆ ಮೊದಲ ಕಿಟಕಿಗಳ ಮಾದರಿಯೇ ಹಳತಾಗಿರುತ್ತದೆ.

ಇದನ್ನು ನಾನು ಅವಮಾನಪಟ್ಟು ಕಲಿತೆ. ಯೌವನದಲ್ಲಿ ಒಂದು ಚರ್ಚಿನ ಮಾಡಿಗೆ ಹೊದಿಸಿದ ಸೀಸದ ಹಾಳೆಯ ಮೇಲೆ ಎರಕದಲ್ಲಿ ಮೂಡಿದ ಇಸವಿಯನ್ನೂ ಇನಿಷಿಯಲ್‌ಗಳನ್ನೂ ಕಂಡು, ಮಾಡು ಕಟ್ಟಿದ ವರ್ಷ ಸಿಕ್ಕಿತೆಂದು ಲೇಖನ ಪ್ರಕಟಿಸಿಬಿಟ್ಟೆ. ಮರುವರ್ಷ ಅಲ್ಲಿಗೆ ಹೋದಾಗ, ಬೀಗದ ಕೈ ಇಟ್ಟುಕೊಂಡಿದ್ದ ವೃದ್ಧೆ ನಕ್ಕರು. “ಸೋರಿದಾಗಲೆಲ್ಲ ಹಳೆಯ ಸೀಸ ಕರಗಿಸಿ ಹೊಸ ಹಾಳೆ ಹೊಯ್ಯುತ್ತಾರೆ. ಇದು ಆ ಸಲದ ಉಸ್ತುವಾರಿಗಳ ಗುರುತು. ಕೆಳಗಿನ ತೊಲೆಗಳನ್ನು ನೋಡಿದ್ದೀರಾ?” ನೋಡಿರಲಿಲ್ಲ. ತೊಲೆಗಳು ಆ ಸೀಸಕ್ಕಿಂತ ಶತಮಾನಗಳಷ್ಟು ಹಳೆಯವು. ಅಂದಿನಿಂದ ಎರಡು ಸಾಕ್ಷ್ಯಗಳಿಲ್ಲದ ಯಾವ ಇಸವಿಯನ್ನೂ ನಾನು ಬರೆದಿಲ್ಲ.

ಫೋನಿನ ಮಾತು ಕೇಳುತ್ತಿದ್ದ ಹೆಂಡತಿ ಅಡುಗೆಮನೆಯಿಂದಲೇ ಅಂದಳು: “ಒಂದ್ ಇಸವಿ ಬರದ್ ಕೊಟ್ಟಬಿಡ್ರಿ. ರಾಟ್‌ಹೌಸಿನ ಫಾರ್ಮಿನ್ಯಾಗ ಹುಟ್ಟಿದ ತಾರೀಖು ಒಂದ ಬರೀತೀರಿಲ್ಲೋ?” ರಾಟ್‌ಹೌಸ್ ಅಂದರೆ ಇಲ್ಲಿನ ನಗರಸಭೆಯ ಕಚೇರಿ.

“ನಾ ಒಮ್ಮೆಲೇ ಹುಟ್ಟೀನಿ. ಚರ್ಚು ಹಂಗ ಹುಟ್ಟೂದಿಲ್ಲ.”

“ನಿಮ್ಮ ಹಟಾನೂ ನಿಮ್ಮ ಜೋಡೀನ ಹುಟ್ಟೇತಿ ಬಿಡ್ರಿ.”

ಇಸವಿ ಇಲ್ಲದಿದ್ದರೆ ಪುಸ್ತಕ ಮಾಲೆಗೆ ಹೊಂದುವುದಿಲ್ಲವೆಂದು ಸಂಪಾದಕರು ಖಚಿತವಾಗಿ ಹೇಳಿದರು. ನನಗೆ ಎಪ್ಪತ್ತು ದಾಟಿದೆ. ಬೇರೆ ಪ್ರಕಾಶಕರು ಯಾರೂ ಕಾದು ಕುಳಿತಿಲ್ಲ. ಆದರೂ ಹಸ್ತಪ್ರತಿಯನ್ನು ಹಿಂದಕ್ಕೆ ಕಳುಹಿಸಿ ಎಂದೆ.

ಅದು ಬಂದಿದೆ. ಎರಡು ಸಾಲಿದ್ದ ಫೋಟೋ ಅಡಿಬರಹಗಳನ್ನು, ಒಂದೊಂದು ಭಾಗದ ಇಸವಿಯನ್ನೂ ಬೇರೆಬೇರೆಯಾಗಿ ಸೇರಿಸಿ, ಐದು ಸಾಲಿಗೆ ಬೆಳೆಸಿದ್ದೇನೆ. ಗೊತ್ತಿಲ್ಲದ ಕಡೆ ‘ತಿಳಿಯದು’ ಎಂದೇ ಬರೆದಿದ್ದೇನೆ. ನಾಳೆ ಇನ್ನೊಬ್ಬ ಪ್ರಕಾಶಕರಿಗೆ ಅಂಚೆಯಲ್ಲಿ ಕಳುಹಿಸುತ್ತೇನೆ.